ಮೂಕ ಬಂಧುಗಳು ಮತ್ತು ನಮ್ಮ ಆರೋಗ್ಯ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ತಜ್ಞ ವೈದ್ಯರ ಲೇಖನಗಳು ಪ್ರಕಟವಾಗುವುದು ವಾಡಿಕೆ. ಮಧುಮೇಹ, ರಕ್ತದೊತ್ತಡ, ಕಣ್ಣಿನ ಪೊರೆ ಇತ್ಯಾದಿ ವಿಷಯಗಳನ್ನು ಅಧಿಕಾರವಾಣಿಯಿಂದ ಹೇಳಬಲ್ಲವರ ನಡುವೆ, ವಾಣಿಜ್ಯ ಶಾಸ್ತ್ರದ ಪದವಿಯ ಹೊರತು ಬೇರಾವ ಅರ್ಹತೆಯೂ ಇಲ್ಲದ ಬ್ಯಾಂಕ್ ಅಧಿಕಾರಿಯೊಬ್ಬನು ಲೇಖನಿ ಹಿಡಿದಿರುವುದು ಅಧಿಕಪ್ರಸಂಗವೆನಿಸಿದರೆ ವಾಚಕರು ಮನ್ನಿಸಬೇಕು. ನಾನು ಹೇಳಹೊರಟಿರುವುದು ಔಷಧದ ಮಾತಲ್ಲ, ಕೆಲವು ಪುಸ್ತಕಗಳ ಮಾತು. ಸಾಕುಪ್ರಾಣಿಗಳ ಒಡನಾಟದಿಂದ ಮನುಷ್ಯನ ದೇಹಕ್ಕೂ ಮನಸ್ಸಿಗೂ ಹಿತವಾಗುತ್ತದೆಂದು ಹೇಳುವ ಗ್ರಂಥಗಳು ಕಳೆದ ಅರ್ಧ ಶತಮಾನದಲ್ಲಿ ಹೇರಳವಾಗಿ ಹೊರಬಂದಿವೆ. ಅವುಗಳಲ್ಲಿ ಕೆಲವನ್ನು ಓದುವ ಪ್ರಸಂಗ ನನಗೆ ಬಂದದ್ದು ವಿದ್ಯಾವ್ಯಾಸಂಗದ ಹಂಬಲದಿಂದಲ್ಲ, ಮನೆಯ ತಾಪತ್ರಯದಿಂದ.

ನನ್ನ ತಾಯಿಯವರು ಕಾಲವಾದ ಮೇಲೆ ತಂದೆಯವರನ್ನು, ಅಂದರೆ ನಮ್ಮ ಅಪ್ಪಯ್ಯನನ್ನು, ಕುಂದಾಪುರ ತಾಲೂಕಿನ ಹಳ್ಳಿಯಿಂದ ಮುಲುಂಡಿನ ನಮ್ಮ ಮನೆಗೆ ಕರೆತಂದೆವು. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂಬುದು ನಮ್ಮ ವಾದ. ಗದ್ದೆಯನ್ನು ಗೇಣಿಗೆ ಕೊಟ್ಟಾಯಿತು. ಕೊಟ್ಟಿಗೆಯಲ್ಲಿ ಉಳಿದಿದ್ದ ಕೆಂಪಿ ಎಂಬ ದನವನ್ನು ನೆರೆಮನೆಯವರಿಗೆ ಒಪ್ಪಿಸಿಯಾಯಿತು. ಮೂರನೆಯ ಮಹಡಿಯ ಮನೆಯಲ್ಲಿ ಅವರಿಗೆ ಯಾವ ಕೊರತೆಯನ್ನೂ ನಾವು ಮಾಡಲಿಲ್ಲವೆಂದೇ ನಮ್ಮ ಭಾವನೆ. ಆದರೂ ಆರು ತಿಂಗಳಲ್ಲಿ ಅವರ ಊಟ ಅರ್ಧಕ್ಕಿಳಿಯಿತು, ನಿದ್ರೆ ಕೆಟ್ಟಿತು, ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡಿಗೆಮನೆಯ ಕಿಟಕಿಯ ಬಳಿ ನಿಂತಿರುತ್ತಿದ್ದರು. ಹಳ್ಳಿಯಲ್ಲಿ ಅದು ಹಾಲು ಕರೆಯುವ ಹೊತ್ತು. ವೈದ್ಯರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ, ರಕ್ತದೊತ್ತಡವೊಂದನ್ನು ಬಿಟ್ಟರೆ ಬೇರೆ ದೋಷ ಕಾಣುವುದಿಲ್ಲವೆಂದರು. ಅಂದಿನ ಬಿಲ್ಲು ಮಾತ್ರ ದೋಷರಹಿತವಾಗಿತ್ತೆಂದು ಹೇಳಲಾರೆ.

ಆ ದಿನಗಳಲ್ಲಿಯೇ ಒಂದು ಶನಿವಾರ ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಪಾದಚಾರಿ ಮಾರ್ಗದ ಹಳೆಯ ಪುಸ್ತಕಗಳ ರಾಶಿಯಲ್ಲಿ ಎರಡು ಇಂಗ್ಲಿಷ್ ಪುಸ್ತಕಗಳು ನನ್ನ ಕೈಗೆ ಸಿಕ್ಕಿದವು. ಒಂದು, ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಲಿಂಚ್ ಅವರು 1977ರಲ್ಲಿ ಪ್ರಕಟಿಸಿದ 'ದ ಬ್ರೋಕನ್ ಹಾರ್ಟ್'. ಒಂಟಿತನವು ಹೃದಯಕ್ಕೆ ಹೇಗೆ ಮಾರಕವಾಗುತ್ತದೆಂಬುದೇ ಅದರ ವಿಷಯ. ಸಂಗಾತಿಯನ್ನು ಕಳೆದುಕೊಂಡವರಲ್ಲಿ ಮತ್ತು ಏಕಾಂಗಿಗಳಲ್ಲಿ ಮರಣದ ಪ್ರಮಾಣ ಹೆಚ್ಚೆಂಬುದನ್ನು ಅಂಕಿ-ಅಂಶಗಳ ಸಹಿತ ಅವರು ಪ್ರತಿಪಾದಿಸಿದ್ದಾರೆ. ಇನ್ನೊಂದು, ಅಲನ್ ಬೆಕ್ ಮತ್ತು ಏರನ್ ಕ್ಯಾಚರ್ ಎಂಬಿಬ್ಬರು ಕೂಡಿ 1983ರಲ್ಲಿ ಹೊರತಂದ 'ಬಿಟ್ವೀನ್ ಪೆಟ್ಸ್ ಆಂಡ್ ಪೀಪಲ್'. ಬೆಕ್ ಅವರು ಅದಕ್ಕೆ ಮುನ್ನ ಬಾಲ್ಟಿಮೋರ್ ನಗರದ ಬೀದಿನಾಯಿಗಳನ್ನು ಕುರಿತೇ ಒಂದು ಗ್ರಂಥ ಬರೆದವರು, ಕ್ಯಾಚರ್ ಮನೋವೈದ್ಯರು. ನಾಯಿಯ ಮೈ ನೇವರಿಸುತ್ತ ಅದರೊಡನೆ ಮಾತನಾಡುವಾಗ ಮನುಷ್ಯನ ರಕ್ತದೊತ್ತಡ ಏರುವುದಿಲ್ಲ, ಆದರೆ ಇನ್ನೊಬ್ಬ ಮನುಷ್ಯನೊಡನೆ ಮಾತನಾಡುವಾಗ ಏರುತ್ತದೆ ಎಂಬ ಸಂಗತಿ ಅದರಲ್ಲಿದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ.

ಈ ಎರಡೂ ಪುಸ್ತಕಗಳ ಲೇಖಕರಿಗೆ ಸಂಬಂಧಪಟ್ಟ ಒಂದು ಪ್ರಸಿದ್ಧ ಅಧ್ಯಯನವುಂಟು. 1980ರಲ್ಲಿ ಎರಿಕಾ ಫ್ರೀಡ್ಮನ್ ಎಂಬ ಸಂಶೋಧಕಿ ಕ್ಯಾಚರ್, ಲಿಂಚ್ ಮೊದಲಾದವರೊಡನೆ ಪ್ರಕಟಿಸಿದ ಲೇಖನವದು. ಹೃದ್ರೋಗದಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ 92 ಮಂದಿಯನ್ನು ಒಂದು ವರ್ಷ ಕಾಲ ಗಮನಿಸಲಾಯಿತು. ಅವರಲ್ಲಿ ಸಾಕುಪ್ರಾಣಿಗಳಿದ್ದವರು 53 ಮಂದಿ. ವರ್ಷದೊಳಗೆ ತೀರಿಕೊಂಡವರು ಮೂವರು. ಸಾಕುಪ್ರಾಣಿಗಳಿಲ್ಲದವರು 39 ಮಂದಿ; ತೀರಿಕೊಂಡವರು ಹನ್ನೊಂದು ಮಂದಿ. ಶೇಕಡಾ ಲೆಕ್ಕದಲ್ಲಿ 5.7 ಮತ್ತು 28.2. ಈ ಸಂಖ್ಯೆಗಳು ಅಲ್ಲಿಂದೀಚೆಗೆ ಎಷ್ಟೋ ಜನಪ್ರಿಯ ಪುಸ್ತಕಗಳಲ್ಲಿ ಸಂಚರಿಸುತ್ತ, 'ನಾಯಿ ಸಾಕಿರಿ, ಹೃದಯಾಘಾತದಿಂದ ಪಾರಾಗಿರಿ' ಎಂಬಂಥ ಘೋಷಣೆಗಳಾಗಿ ಮಾರ್ಪಟ್ಟಿವೆ. ಮಾರ್ಟಿ ಬೆಕರ್ ಎಂಬ ಪಶುವೈದ್ಯರು 2002ರಲ್ಲಿ ಬರೆದ ಪುಸ್ತಕದ ಹೆಸರೇ 'ದ ಹೀಲಿಂಗ್ ಪವರ್ ಆಫ್ ಪೆಟ್ಸ್', ಅಂದರೆ ಸಾಕುಪ್ರಾಣಿಗಳ ಗುಣಪಡಿಸುವ ಶಕ್ತಿ.

ಇಲ್ಲಿ ನನ್ನ ಉದ್ಯೋಗದ ಅಭ್ಯಾಸವು ಅಡ್ಡಬಂದಿತೆಂದು ಒಪ್ಪಿಕೊಳ್ಳಬೇಕು. ಸಾಲದ ಅರ್ಜಿಯೊಡನೆ ಬರುವ ಅಢಾವೆ ಪತ್ರಿಕೆಯಲ್ಲಿ ಒಂದು ವರ್ಷದ ಲಾಭ ಕಂಡಾಕ್ಷಣ ಸಾಲ ಮಂಜೂರು ಮಾಡುವ ಮ್ಯಾನೇಜರನು ಹೆಚ್ಚು ಕಾಲ ಮ್ಯಾನೇಜರನಾಗಿ ಉಳಿಯುವುದಿಲ್ಲ. 92 ಮಂದಿಯೆಂಬುದು ಬಹಳ ಸಣ್ಣ ಸಂಖ್ಯೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ನಾಯಿ ಸಾಕಿದ್ದರಿಂದ ಅವರು ಬದುಕಿದರೋ, ಅಥವಾ ಸ್ವಲ್ಪ ಗಟ್ಟಿಮುಟ್ಟಾಗಿದ್ದವರೇ ನಾಯಿ ಸಾಕಿದ್ದರೋ? ಹಾಸಿಗೆ ಹಿಡಿದವನು ನಾಯಿಯನ್ನು ತಿರುಗಾಡಿಸಲು ಹೋಗುವುದಿಲ್ಲವಷ್ಟೆ. ಫ್ರೀಡ್ಮನ್ ಅವರು ಪ್ರಾಮಾಣಿಕರಾದ್ದರಿಂದ ತಮ್ಮ ಲೆಕ್ಕವನ್ನು ಮತ್ತೆ ಪರಿಶೋಧಿಸಿದರು. 1995ರಲ್ಲಿ 369 ರೋಗಿಗಳ ಅಧ್ಯಯನ ಪ್ರಕಟವಾಯಿತು. ನಾಯಿಯಿದ್ದ 87 ಮಂದಿಯಲ್ಲಿ ಒಬ್ಬನು ಮಾತ್ರ ತೀರಿಕೊಂಡಿದ್ದನು. ನಾಯಿಯಿಲ್ಲದ 282 ಮಂದಿಯಲ್ಲಿ ಹತ್ತೊಂಬತ್ತು ಮಂದಿ. ಬೆಕ್ಕು ಸಾಕಿದವರಿಗೆ ಈ ಲಾಭ ಕಂಡುಬರಲಿಲ್ಲ. 2017ರಲ್ಲಿ ಸ್ವೀಡನ್ ದೇಶದಲ್ಲಿ ನಲವತ್ತರಿಂದ ಎಂಬತ್ತು ವಯಸ್ಸಿನ ಸುಮಾರು 34 ಲಕ್ಷ ಜನರ ದಾಖಲೆಗಳನ್ನು ಹನ್ನೆರಡು ವರ್ಷಗಳ ಅವಧಿಗೆ ಪರಿಶೀಲಿಸಿದಾಗ, ಮನೆಯಲ್ಲಿ ಒಬ್ಬರೇ ವಾಸಿಸುತ್ತ ನಾಯಿ ಸಾಕಿದವರಲ್ಲಿ ಮರಣದ ಸಂಭವ ಶೇಕಡಾ 33ರಷ್ಟು ಕಡಿಮೆಯಿತ್ತೆಂದು ತಿಳಿದುಬಂದಿತು. ಇದು ಸಣ್ಣ ಸಂಖ್ಯೆಯಲ್ಲ. ಆದರೂ ನಾಯಿಯೇ ಇದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲವೆಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಅಮೆರಿಕದ ಹೃದ್ರೋಗ ಸಂಘವು 2013ರಲ್ಲಿ ಹೊರಡಿಸಿದ ಹೇಳಿಕೆ ನನಗೆ ಎಲ್ಲಕ್ಕಿಂತ ಸಮಂಜಸವಾಗಿ ಕಂಡಿತು. ನಾಯಿ ಸಾಕುವುದರಿಂದ ಹೃದ್ರೋಗದ ಅಪಾಯ ತಗ್ಗುವ ಸಂಭವವುಂಟು, ಆದರೆ ಆ ಒಂದೇ ಉದ್ದೇಶದಿಂದ ಯಾರೂ ಪ್ರಾಣಿಯನ್ನು ಮನೆಗೆ ತರತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ.

ಹಾಗಾದರೆ ಪ್ರಾಣಿಯು ಮಾಡುವುದೇನು? ಇದಕ್ಕೆ ಉತ್ತರ ಅಂಕಿ-ಅಂಶಗಳ ಪುಸ್ತಕಗಳಿಗಿಂತ ಹಳೆಯ ಪುಸ್ತಕಗಳಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಧರ್ಮಿಷ್ಠನು 1796ರಲ್ಲಿ ಮನೋರೋಗಿಗಳಿಗಾಗಿ 'ರಿಟ್ರೀಟ್' ಎಂಬ ಆಶ್ರಯವನ್ನು ತೆರೆದನು. ಹುಚ್ಚರನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದ ಕಾಲವದು. ಟ್ಯೂಕನ ಅಂಗಳಗಳಲ್ಲಿ ಮೊಲಗಳೂ ಕೋಳಿಗಳೂ ಓಡಾಡುತ್ತಿದ್ದವು. ಅವುಗಳ ಸಹವಾಸದಿಂದ ರೋಗಿಗಳಲ್ಲಿ ಮೃದುಭಾವ ಮೂಡುತ್ತದೆಂದು ಅವನ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕನು 1813ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ದಾದಿಯರ ಕುಲಮಾತೆಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರ 'ನೋಟ್ಸ್ ಆನ್ ನರ್ಸಿಂಗ್' ಎಂಬ ಕಿರುಹೊತ್ತಗೆಯಲ್ಲಿ, ದೀರ್ಘಕಾಲದ ರೋಗಿಗಳಿಗೆ ಪುಟ್ಟ ಸಾಕುಪ್ರಾಣಿಯೊಂದು ಉತ್ತಮ ಸಂಗಾತಿಯೆಂಬ ಮಾತು ಬರುತ್ತದೆ. ಅಥೆನ್ಸಿನಲ್ಲಿ ಸಿಕ್ಕ ಗೂಬೆಮರಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಮಹಿಳೆ ಆಕೆ. ಗೂಬೆ ಮನೆಹೊಕ್ಕರೆ ಶಾಂತಿ ಮಾಡಿಸುವ ನಮ್ಮವರಿಗೆ ಇದು ವಿಚಿತ್ರವೆನಿಸೀತು.

ಇನ್ನು ಬೋರಿಸ್ ಲೆವಿನ್ಸನ್. ನ್ಯೂಯಾರ್ಕಿನಲ್ಲಿ ಮಕ್ಕಳ ಮನೋಚಿಕಿತ್ಸೆ ನಡೆಸುತ್ತಿದ್ದ ಇವರ ಬಳಿಗೆ ಒಮ್ಮೆ, ಯಾರೊಡನೆಯೂ ಬೆರೆಯದ ಬಾಲಕನೊಬ್ಬನನ್ನು ತಂದೆತಾಯಿಗಳು ಗೊತ್ತಾದ ಹೊತ್ತಿಗಿಂತ ಮುಂಚೆಯೇ ಕರೆತಂದರು. ಲೆವಿನ್ಸನ್ನರ ನಾಯಿ ಜಿಂಗಲ್ಸ್ ಆಗ ಕೋಣೆಯಲ್ಲಿಯೇ ಇತ್ತು. ಅದು ಓಡಿಬಂದು ಹುಡುಗನನ್ನು ನೆಕ್ಕಿತು. ಹುಡುಗನು ಅದನ್ನು ತಬ್ಬಿಕೊಂಡನು. ವೈದ್ಯನೊಡನೆ ಬೆರೆಯದವನು ಮೊದಲು ನಾಯಿಯೊಡನೆ ಬೆರೆತು, ಆ ಮೂಲಕ ವೈದ್ಯನಿಗೂ ಹತ್ತಿರವಾದನು. ಈ ಅನುಭವವನ್ನು ಲೆವಿನ್ಸನ್ನರು 1961ರಲ್ಲಿ ಮನಃಶಾಸ್ತ್ರಜ್ಞರ ಸಭೆಯೊಂದರಲ್ಲಿ ನಿವೇದಿಸಿದಾಗ ಸಭಿಕರಲ್ಲಿ ಕೆಲವರು ನಕ್ಕರಂತೆ. ಮರುವರ್ಷ ನಾಯಿಯನ್ನು 'ಸಹಚಿಕಿತ್ಸಕ'ನೆಂದು ಕರೆದು ಲೇಖನ ಬರೆದರು. 1969ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಇಂದು ಈ ಪದ್ಧತಿಗೆ ಜಗತ್ತಿನಾದ್ಯಂತ ಮನ್ನಣೆ ದೊರೆತಿದ್ದು, ನಮ್ಮ ಮುಂಬಯಿಯಲ್ಲಿಯೂ ಅನಿಮಲ್ ಏಂಜಲ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮನಃಶಾಸ್ತ್ರಜ್ಞರು ತರಬೇತಾದ ನಾಯಿಗಳೊಡನೆ ವಿಶೇಷ ಮಕ್ಕಳಿಗಾಗಿ ಕೆಲಸ ಮಾಡಿದ್ದಾರೆ. ಲೆವಿನ್ಸನ್ನರ ಜಿಂಗಲ್ಸ್ ಹುಡುಗನಿಗೆ ಮದ್ದು ಕೊಡಲಿಲ್ಲ, ಉಪದೇಶ ಮಾಡಲಿಲ್ಲ. ಅವನನ್ನು ಯಾವುದೇ ಅರ್ಹತಾಪತ್ರ ಕೇಳದೆ ಅಂಗೀಕರಿಸಿತು, ಅಷ್ಟೆ.

ಇದೆಲ್ಲ ಪಾಶ್ಚಾತ್ಯರು ಕಂಡುಹಿಡಿದ ಹೊಸ ವಿದ್ಯೆಯೆಂದು ನಾವು ಕನ್ನಡಿಗರು ಭಾವಿಸಬೇಕಾಗಿಲ್ಲ. ಚಾಲುಕ್ಯ ಅರಸ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ರಚಿಸಿದ 'ಲೋಕೋಪಕಾರ'ವು ಹೆಸರಿಗೆ ತಕ್ಕಂತೆ ಜನಸಾಮಾನ್ಯರಿಗೆ ಬೇಕಾದ ವಿದ್ಯೆಗಳ ಕೋಶ. ಮನೆ ಕಟ್ಟುವುದು, ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡಿಗೆ ಇವುಗಳೊಡನೆ ಮನುಷ್ಯರ ವೈದ್ಯ, ಪಶುಗಳ ವೈದ್ಯ, ವಿಷವೈದ್ಯ ಮೂರೂ ಒಂದೇ ಗ್ರಂಥದಲ್ಲಿವೆ. ಮನೆಯ ಯಜಮಾನನಿಗೆ ತನ್ನ ಮಗುವಿನ ಜ್ವರವೂ ಹಟ್ಟಿಯ ದನದ ರೋಗವೂ ಒಂದೇ ಚಿಂತೆಯ ಎರಡು ಮುಖಗಳೆಂಬುದನ್ನು ಆ ಕವಿ ಬಲ್ಲನು. ಅವನಾದ ಮೇಲೆ ಒಂದು ಶತಮಾನದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು 'ಗೋವೈದ್ಯ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ರಾಜಪುತ್ರನೊಬ್ಬನು ದನಗಳ ರೋಗಚಿಕಿತ್ಸೆಯನ್ನು ಕಾವ್ಯಭಾಷೆಯಲ್ಲಿ ಹೇಳಲು ಕುಳಿತದ್ದು ಅಭಿಮಾನಪಡತಕ್ಕ ಸಂಗತಿ. ಹೊಸಗನ್ನಡದಲ್ಲಿ ಆರೋಗ್ಯ ಸಾಹಿತ್ಯಕ್ಕೆ ಕೊರತೆಯಿಲ್ಲ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಪ್ರಾಣಿಯ ಒಡನಾಟವನ್ನು ಬಲ್ಲವರೆಂದರೆ ಪೂರ್ಣಚಂದ್ರ ತೇಜಸ್ವಿಯವರು. 'ಕರ್ವಾಲೊ'ದಲ್ಲಿಯೂ 'ಪರಿಸರದ ಕತೆ'ಯಲ್ಲಿಯೂ ಬರುವ ಅವರ ನಾಯಿ ಕಿವಿಯನ್ನು ಮರೆತವರುಂಟೆ? ಅವರು ಅದರ ಗುಣಗಾನ ಮಾಡುವುದಿಲ್ಲ, ಅದರ ತಂಟೆಗಳನ್ನೇ ಹೇಳುತ್ತಾರೆ. ಆರೋಗ್ಯವೆಂಬ ಶಬ್ದವನ್ನೇ ಎತ್ತದೆ ಆರೋಗ್ಯವಂತ ಸ್ನೇಹವೊಂದನ್ನು ಚಿತ್ರಿಸಿದ್ದಾರೆ. ಈ ವಿಷಯದ ಅನೇಕ ಇಂಗ್ಲಿಷ್ ಪುಸ್ತಕಗಳಿಗೆ ಸಾಧ್ಯವಾಗದ್ದು ಅದೇ.

ಈಗ ಮುಲುಂಡಿಗೆ ಮರಳೋಣ. ಪುಸ್ತಕಗಳನ್ನು ಓದಿ ಮುಗಿಸಿದ ನಾನು, ನಾಯಿಮರಿಯೊಂದನ್ನು ತರಬೇಕೆಂದು ಮನೆಯಲ್ಲಿ ಪ್ರಸ್ತಾಪಿಸಿದೆ. ಎರಡು ಕೋಣೆಗಳ ಮನೆಯಲ್ಲಿ ಐದು ಮಂದಿ ಇರುವಾಗ ಆರನೆಯದಕ್ಕೆ ಸ್ಥಳವೆಲ್ಲಿ ಎಂದು ನನ್ನ ಪತ್ನಿ ಕೇಳಿದ ಪ್ರಶ್ನೆಗೆ ಬೆಕ್, ಕ್ಯಾಚರ್ ಇಬ್ಬರಲ್ಲಿಯೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಅಪ್ಪಯ್ಯನವರೇ ತಮ್ಮ ದಾರಿ ಕಂಡುಕೊಂಡಿದ್ದರು. ಕಟ್ಟಡದ ಕಾವಲುಗಾರನ ಕುರ್ಚಿಯ ಪಕ್ಕದಲ್ಲಿ ಕಂದುಬಣ್ಣದ ಬೀದಿನಾಯಿಯೊಂದು ಮಲಗಿರುತ್ತಿತ್ತು. ತಮ್ಮ ಪಾಲಿನ ಚಪಾತಿಯಲ್ಲಿ ಅರ್ಧವನ್ನು ಅವರು ಅದಕ್ಕಾಗಿ ತೆಗೆದಿಡತೊಡಗಿದರು. ದಿನಕ್ಕೆರಡು ಸಲ ಮೂರು ಮಹಡಿ ಇಳಿದು ಹತ್ತತೊಡಗಿದರು. ಮರಾಠಿಯ ಒಂದಕ್ಷರವೂ ಬಾರದಿದ್ದವರು ಕಾವಲುಗಾರನೊಡನೆ ಹರಕುಮುರುಕಾಗಿ ಮಾತಾಡತೊಡಗಿದರು. ಅದೇಕೆ ಆ ಬೀದಿನಾಯಿಯ ಸಹವಾಸವೆಂದು ನಾನೊಮ್ಮೆ ಕೇಳಿದೆ.

"ಕರೆದರೆ ಬರುತ್ತದೆ ಮಾರಾಯ. ಈ ಕಟ್ಟಡದಲ್ಲಿ ನಾನು ಕರೆದರೆ ಬರುವುದು ಇದೊಂದೇ" ಎಂದರು.

ಆ ಮಾತು ನನಗೆ ಚುಚ್ಚಿತೆಂಬುದನ್ನು ಮುಚ್ಚಿಡಲಾರೆ. ಅವರಿಗೆ ನಾವು ಅನ್ನ, ಔಷಧ, ಟೆಲಿವಿಷನ್ ಎಲ್ಲವನ್ನೂ ಒದಗಿಸಿದ್ದೆವು. ಅವರಿಂದ ಏನನ್ನೂ ಕೇಳಿರಲಿಲ್ಲ. ಅರುವತ್ತು ವರ್ಷ ದನಕರುಗಳಿಗೆ ಹುಲ್ಲು ಹಾಕಿದ ಕೈಗೆ ಹಾಕುವ ಕೆಲಸವೇ ಇಲ್ಲದಂತಾಗಿತ್ತು. ಪ್ರಾಣಿಯು ತನ್ನನ್ನು ಪ್ರೀತಿಸುತ್ತದೆಂಬುದಕ್ಕಿಂತ ತನ್ನ ಮೇಲೆ ಅವಲಂಬಿಸಿದೆಯೆಂಬ ಅರಿವೇ ಮುದುಕರನ್ನು ಹಾಸಿಗೆಯಿಂದ ಎಬ್ಬಿಸುತ್ತದೆಂದು ನನಗೆ ತೋರುತ್ತದೆ.

ಆದರೆ ಇಲ್ಲಿಯವರೆಗಿನದು ಜಮೆಯ ಬಾಬತ್ತು. ಖರ್ಚಿನ ಬಾಬತ್ತನ್ನು ಕಾಣಿಸದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಒಂದು ಸಂಜೆ ಎರಡನೆಯ ಮಹಡಿಯ ಎಂಟು ವರ್ಷದ ಬಾಲಕಿ ಆಟದ ಭರದಲ್ಲಿ ಮಲಗಿದ್ದ ನಾಯಿಯ ಬಾಲವನ್ನು ತುಳಿದಳು. ನಾಯಿ ಅವಳ ಮೀನಖಂಡವನ್ನು ಕಚ್ಚಿತು, ರಕ್ತ ಬಂದಿತು. ಅದಕ್ಕೆ ರೇಬೀಸ್ ಲಸಿಕೆ ಹಾಕಿಸಿದೆಯೇ ಎಂದು ಮಗುವಿನ ತಂದೆ ಕೇಳಿದರು. ತಿಂಗಳುಗಟ್ಟಲೆ ಅದಕ್ಕೆ ಚಪಾತಿ ಹಾಕಿದ ನಾವಾರೂ ಆ ಯೋಚನೆಯನ್ನೇ ಮಾಡಿರಲಿಲ್ಲ. ಇದು ನಮ್ಮ ಅಕ್ಷಮ್ಯ ಅಜಾಗ್ರತೆ. ಒಡನೆಯೇ ನಲ್ಲಿಯ ಕೆಳಗೆ ಸಾಬೂನಿನಿಂದ ಹದಿನೈದು ನಿಮಿಷ ಗಾಯ ತೊಳೆದು ಮಗುವನ್ನು ಆಸ್ಪತ್ರೆಗೆ ಒಯ್ದೆವು. ಗಾಯದ ಸುತ್ತಲೂ ಪ್ರತಿವಿಷದ ಚುಚ್ಚುಮದ್ದನ್ನೂ ತೋಳಿಗೆ ಲಸಿಕೆಯನ್ನೂ ಕೊಟ್ಟರು. ನಾಯಿಯನ್ನು ಹತ್ತು ದಿನ ಗಮನಿಸುತ್ತಿರಲು ಹೇಳಿದರು. ಹತ್ತು ದಿನವೂ ಅಪ್ಪಯ್ಯ ಸರಿಯಾಗಿ ಮಲಗಲಿಲ್ಲ. ನಾಯಿ ನೀರು ಕುಡಿಯಿತೇ ಎಂದು ನೋಡಲು ನಡುರಾತ್ರಿ ಇಳಿದುಹೋಗುತ್ತಿದ್ದರು. ಅದು ಬದುಕಿತು, ಮಗುವೂ ಕ್ಷೇಮವಾಗಿದ್ದಾಳೆ. ಆದರೆ ಆ ಮನೆಯವರು ನಮ್ಮೊಡನೆ ಮೊದಲಿನ ಸಲಿಗೆಯಿಂದ ಮಾತನಾಡಲು ಒಂದು ವರ್ಷ ಹಿಡಿಯಿತು. ಅವರದು ತಪ್ಪೆಂದು ನಾನು ಹೇಳುವುದಿಲ್ಲ.

ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ; ಆದರೆ ಸಕಾಲದಲ್ಲಿ ಲಸಿಕೆ ಪಡೆದರೆ ಅದು ಪೂರ್ಣವಾಗಿ ತಡೆಗಟ್ಟಬಹುದಾದ ರೋಗ. ಹಳಬರಲ್ಲಿ ಅನೇಕರಿಗೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ಭಯ ಇನ್ನೂ ಹೋಗಿಲ್ಲ. ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ, 1911ರಷ್ಟು ಹಳೆಯ ವಿಧಾನದ ಲಸಿಕೆ. ನಮ್ಮ ದೇಶದಲ್ಲಿ 2004ರ ಅಂತ್ಯಕ್ಕೆ ಅದನ್ನು ನಿಲ್ಲಿಸಲಾಯಿತು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಸರದಿಯ ಚುಚ್ಚುಮದ್ದು. ಗಾಯಕ್ಕೆ ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುತ್ತ ಹೊತ್ತು ಕಳೆಯಬಾರದು. ಇಲಿಗಳಿಂದ ಹರಡುವ ಲೆಪ್ಟೋಸ್ಪೈರೋಸಿಸ್ ರೋಗವನ್ನೂ ಇಲ್ಲಿಯೇ ನೆನಪಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದ ಮೇಲೆ ಅದು ಎಷ್ಟು ಮನೆಗಳನ್ನು ಕಂಗೆಡಿಸಿತೆಂಬುದು ಮುಂಬಯಿವಾಸಿಗಳಿಗೆ ಗೊತ್ತು. ಕೊಳೆನೀರಿನಲ್ಲಿ ಬರಿಗಾಲಿನಿಂದ ನಡೆದವರು ಜ್ವರ ಬಂದೊಡನೆ ವೈದ್ಯರಿಗೆ ಆ ಸಂಗತಿಯನ್ನು ತಿಳಿಸಬೇಕು.

ಪಾರಿವಾಳಗಳ ವಿಷಯ ಇನ್ನೂ ಸೂಕ್ಷ್ಮ. ಕಾಳು ಹಾಕುವುದು ಅನೇಕರಿಗೆ ಪುಣ್ಯಕಾರ್ಯ, ಮನಶ್ಶಾಂತಿಯೂ ಹೌದು. ಆದರೆ ಒಣಗಿದ ಹಿಕ್ಕೆಯ ಮತ್ತು ಗರಿಗಳ ಧೂಳಿನಿಂದ ಕೆಲವರ ಶ್ವಾಸಕೋಶಗಳು ಮೆಲ್ಲಮೆಲ್ಲನೆ ಗಡುಸಾಗಿ, ಕಡೆಗೆ ಉಸಿರಾಟವೇ ಕಷ್ಟವಾಗುತ್ತದೆ. 2025ರಲ್ಲಿ ದಾದರಿನ ಕಬೂತರಖಾನೆಯನ್ನು ಮುಚ್ಚಿದಾಗ ಎದ್ದ ಪ್ರತಿಭಟನೆ, ನ್ಯಾಯಾಲಯದ ವಾದವಿವಾದಗಳನ್ನು ಎಲ್ಲರೂ ಓದಿದ್ದಾರೆ. ಒಬ್ಬರ ಮನಸ್ಸಿನ ಆರೋಗ್ಯವು ಇನ್ನೊಬ್ಬರ ಎದೆಗೂಡಿನ ರೋಗವಾಗುವ ಈ ಪ್ರಸಂಗ ಯಾವ ಪಾಶ್ಚಾತ್ಯ ಲೇಖಕನ ಗಮನಕ್ಕೂ ಅಷ್ಟಾಗಿ ಬಂದಂತಿಲ್ಲ. ಅವರಿಗೆ ನಮ್ಮಷ್ಟು ಒತ್ತೊತ್ತಾಗಿ ಬದುಕುವ ಅಭ್ಯಾಸವಿಲ್ಲ.

ಮಗುವನ್ನು ಕಚ್ಚಿದ ಪ್ರಕರಣದ ನಂತರ ನಮ್ಮ ವಸತಿ ಸಂಘದ ಸಭೆಯಲ್ಲಿ ನಾಯಿಯನ್ನು ಓಡಿಸಬೇಕೆಂಬ ಸೂಚನೆ ಬಂದಿತು. ಮುಂಬಯಿಗೆ ಈ ಜಗಳ ಹೊಸತಲ್ಲ. ಬೀದಿನಾಯಿಗಳನ್ನು ಕೊಲ್ಲಿಸಲು ಬ್ರಿಟಿಷ್ ಅಧಿಕಾರಿಗಳು ಹೊರಟದ್ದಕ್ಕೆ ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಸಿಡಿದೆದ್ದು, 1832ರ ಜೂನ್ ತಿಂಗಳಲ್ಲಿ ಕೋಟೆ ಪ್ರದೇಶದಲ್ಲಿ ದೊಂಬಿಯೇ ಆಗಿತ್ತು. ಅಂಥದೇನೂ ನಮ್ಮಲ್ಲಿ ಆಗಲಿಲ್ಲ. 2015ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಬಹುಮತವಿದ್ದರೂ ವಸತಿ ಸಂಘವು ಸದಸ್ಯರ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ 2023ರ ನಿಯಮಗಳಿವೆ. ಅವುಗಳಿಗೆ ಅನ್ನ ಹಾಕುವ ಸ್ಥಳವು ಮೆಟ್ಟಿಲು, ಪ್ರವೇಶದ್ವಾರ ಮತ್ತು ಮಕ್ಕಳು ಆಡುವ ಜಾಗಗಳಿಂದ ದೂರವಿರಬೇಕೆಂದು ಅದರಲ್ಲಿ ಹೇಳಿದೆ. ಈ ಕಾಗದಗಳನ್ನು ನಾನು ಸಭೆಯಲ್ಲಿ ಓದಿದೆನಾದರೂ, ಸಭೆಯ ಮನಸ್ಸನ್ನು ಬದಲಿಸಿದ್ದು ಅಪ್ಪಯ್ಯನವರು ಎದ್ದುನಿಂತು ಕೈಮುಗಿದದ್ದು. ಅನ್ನದ ತಟ್ಟೆ ಹಿತ್ತಿಲ ಗೋಡೆಯ ಬಳಿಗೆ ಹೋಯಿತು. ಲಸಿಕೆಯ ಖರ್ಚು ಅವರ ವೃದ್ಧಾಪ್ಯ ಠೇವಣಿಯ ಬಡ್ಡಿಯಿಂದ.

ಮುಂದಿನ ಮಳೆಗಾಲದಲ್ಲಿ ಸ್ಕೂಟರೊಂದು ತಾಗಿ ನಾಯಿಯ ಹಿಂಗಾಲು ಮುರಿಯಿತು. ಟೆಂಪೋ ಗೊತ್ತುಮಾಡಿಕೊಂಡು ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಗೆ ಹೋದೆವು. ಗಿರಣಿ ಮಾಲಿಕರಾಗಿದ್ದ ಸರ್ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ 1883ರಲ್ಲಿ ಸ್ಥಾಪನೆಯಾಗಿ, ಅವರ ಪತ್ನಿಯ ಹೆಸರು ಹೊತ್ತ ಸಂಸ್ಥೆಯಿದು. 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯ ಕಾಲೇಜಿನ ಇತಿಹಾಸವೂ ಇದೇ ಆವರಣದಲ್ಲಿದೆ. ಪರೇಲ್ ಎಂದರೆ ನಮ್ಮವರಿಗೆ ಕೆ.ಇ.ಎಂ. ಆಸ್ಪತ್ರೆ, ಟಾಟಾ ಆಸ್ಪತ್ರೆ. ಊರಿನಿಂದ ರೋಗಿಯನ್ನು ಕರೆತಂದು ಅಲ್ಲಿ ಸಾಲಿನಲ್ಲಿ ನಿಲ್ಲದ ಕನ್ನಡ ಮನೆ ಕಡಿಮೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಹಾಫ್‌ಕಿನ್ ಸಂಸ್ಥೆ. ಕುದುರೆಗಳ ರಕ್ತದಿಂದ ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿ ಹಳ್ಳಿಗಳಲ್ಲಿ ಎಷ್ಟೋ ಜೀವಗಳನ್ನು ಉಳಿಸಿದ ಕೀರ್ತಿ ಅದರದು. ಪ್ರಾಣಿಯು ಮನುಷ್ಯನನ್ನು ಗುಣಪಡಿಸುವ ಅತ್ಯಂತ ನೇರವಾದ ರೀತಿ ಅದೇ ಇರಬೇಕು. ಆ ಕುದುರೆಗಳ ಮೇಲೆ ಯಾರೂ ಪುಸ್ತಕ ಬರೆಯುವುದಿಲ್ಲ.

ನಾಯಿಯ ಕಾಲಿಗೆ ಪಟ್ಟಿ ಕಟ್ಟುವವರೆಗೆ ಕಾಯುತ್ತಿದ್ದಾಗ ಅಪ್ಪಯ್ಯ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ದನಗಳನ್ನು ಕಟ್ಟಿದ ಕಡೆ ನಿಂತಿದ್ದರು. ಕೋಡು ಮುರಿದ ಬಿಳಿಯ ಎತ್ತೊಂದರ ಗಂಗೆದೊಗಲನ್ನು ನೀವುತ್ತಿದ್ದರು. ಎತ್ತು ಕತ್ತು ಚಾಚಿ ಕಣ್ಣು ಅರೆಮುಚ್ಚಿತ್ತು. ನಾನು ಬಂದದ್ದು ತಿಳಿದರೂ ಅವರು ತಿರುಗಿ ನೋಡಲಿಲ್ಲ. ಕೆಂಪಿ ಕಳೆದ ಚೌತಿಯ ಹೊತ್ತಿಗೆ ಕರು ಹಾಕಿದೆಯಂತೆ, ಹೆಣ್ಣುಗರು, ಎಂದರು. ನೆರೆಮನೆಯವರಿಗೆ ಅವರು ಫೋನು ಮಾಡಿ ವಿಚಾರಿಸುತ್ತಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

ಇದೆಲ್ಲ ಆಗಿ ಮೂರು ವರ್ಷಗಳಾದವು. ಅಪ್ಪಯ್ಯನವರ ರಕ್ತದೊತ್ತಡದ ಮಾತ್ರೆ ಒಂದರಿಂದ ಅರ್ಧಕ್ಕೆ ಇಳಿದಿಲ್ಲ. ಇಳಿಯಿತೆಂದು ಬರೆಯಲು ಆಸೆಯಾಗುತ್ತದೆ, ಆದರೆ ಇಳಿದಿಲ್ಲ. ಊಟ ಸರಿಹೋಗಿದೆ. ನಿದ್ರೆ ಬರುತ್ತದೆ. ನಾಯಿಗೆ ತುಸು ಕುಂಟು ಉಳಿದಿದೆ. ಮೂತಿಯ ಮೇಲೆ ನರೆ ಕಾಣಿಸಿಕೊಂಡಿದೆ. ಅದು ಇವರಿಗಿಂತ ಮುಂಚೆ ಹೋದರೆ ಏನು ಮಾಡುವುದೆಂದು ನನ್ನ ಪತ್ನಿ ಒಮ್ಮೆ ಕೇಳಿದಳು. ಇವರು ಮುಂಚೆ ಹೋದರೆ ಅದಕ್ಕೆ ಅನ್ನ ಹಾಕುವವರಾರೆಂಬುದು ಅಪ್ಪಯ್ಯನವರ ಚಿಂತೆ. ಎರಡನೆಯ ಮಹಡಿಯ ಆ ಬಾಲಕಿಗೆ ಈಗ ಹನ್ನೆರಡರ ಹತ್ತಿರ. ಮಾಡುವೆನೆಂದು ಅವರಿಗೆ ಮಾತುಕೊಟ್ಟಿದ್ದಾಳಂತೆ.

'ಲೋಕೋಪಕಾರ'ದ ಪ್ರತಿಯೊಂದನ್ನು ಕಳೆದ ತಿಂಗಳು ಗೆಳೆಯರೊಬ್ಬರಿಂದ ಎರವಲು ತಂದೆ. ಹಳಗನ್ನಡ ಅಪ್ಪಯ್ಯನವರಿಗೆ ಒಗ್ಗುವುದಿಲ್ಲವಾದ್ದರಿಂದ ಪಶುವೈದ್ಯದ ಭಾಗವನ್ನು ನಾನು ತಿಳಿದಷ್ಟು ಅರ್ಥಮಾಡಿ ಓದಿ ಹೇಳುತ್ತಿದ್ದೆ. ಕೆಲವು ಮದ್ದುಗಳಿಗೆ ತಲೆದೂಗಿದರು; ಕೆಲವಕ್ಕೆ, ನಮ್ಮ ಕಡೆ ಹೀಗಲ್ಲ, ಬರೆದವನು ಬಯಲುಸೀಮೆಯವನಿರಬೇಕು ಎಂದರು. ಇನ್ನೊಂದು ಪುಟ ಮಗುಚುವಷ್ಟರಲ್ಲಿ ಗಡಿಯಾರ ನೋಡಿ ಎದ್ದು, ಚಪಾತಿಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಏಳು ಗಂಟೆಯಾಗಿತ್ತು.